ಬೆರಳು ಜಾರುವ ಜಾಗ

ಆ ಬೀದಿಯಲ್ಲಿ ಹಗಲು ಹನ್ನೊಂದು ಗಂಟೆಗೆ ಕತ್ತಲಾಗುವ ಕೋಣೆ ಒಂದೇ ಒಂದಿತ್ತು. ಬೀಗದ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಒಂದು ಫೋಟೋ ಸ್ಟುಡಿಯೋ. ಮುಂದೆ ಕೌಂಟರು. ಅದರ ಹಿಂದೆ ಪರದೆ. ಪರದೆಯ ಆಚೆ ಒಂದು ಸ್ಟೂಲು, ಎರಡು ದೊಡ್ಡ ದೀಪ, ಗೋಡೆಗೆ ಬಳಿದ ನೀಲಿ ಆಕಾಶ. ಅದಕ್ಕೂ ಹಿಂದೆ ಒಂದು ಬಾಗಿಲು. ಬೆಳಕು ನುಸುಳದಂತೆ ಆ ಬಾಗಿಲಿನ ಅಂಚಿಗೆಲ್ಲ ಹಳೆಯ ಕಂಬಳಿಯ ಪಟ್ಟಿ ಹೊಡೆದಿತ್ತು. ಒಳಗೆ ಆರಡಿ ಅಗಲ, ಎಂಟಡಿ ಉದ್ದದ ಕೋಣೆ.

ಆ ಕೋಣೆಯೊಳಗೆ ಮೂವತ್ತನಾಲ್ಕು ವರ್ಷ ಕಳೆದವನನ್ನು ಬೀದಿಯ ಮಕ್ಕಳು ಕತ್ತಲೆಮಾವ ಎಂದು ಕರೆದರು. ಮಕ್ಕಳು ದೊಡ್ಡವರಾಗಿ ಅವರಿಗೆ ಮಕ್ಕಳಾದರೂ ಹೆಸರು ಹಾಗೇ ಉಳಿಯಿತು. ಹೊರಗೆ ಕೂತು ಚೀಟಿ ಬರೆಯುತ್ತ, ಗಿರಾಕಿಗಳಿಗೆ "ಗಲ್ಲ ಎತ್ತಿ, ಸ್ವಲ್ಪ ನಗಿ, ಅಷ್ಟೊಂದಲ್ಲ" ಎನ್ನುತ್ತಿದ್ದ ಅವನ ಹೆಂಡತಿಗೆ ತಾನಾಗಿ ಕೌಂಟರತ್ತೆ ಎಂಬ ಹೆಸರು ಬಂತು. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ ಅವಳು ಬಾಗಿಲ ಕಡೆ ಬೊಟ್ಟು ಮಾಡಿ, "ಒಳಗಿದ್ದಾರೆ. ಅಪರೂಪಕ್ಕೆ ಬೆಳಕು ಕಂಡ್ರೆ ಸೀನು ಬರುತ್ತೆ ಅವರಿಗೆ" ಎನ್ನುತ್ತಿದ್ದಳು.

ಈ ಕೆಲಸ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಕ್ಯಾಮೆರಾದಿಂದ ತೆಗೆದ ಫಿಲ್ಮಿನ ಮೇಲೆ ಚಿತ್ರ ಬಿದ್ದಿರುತ್ತದೆ, ಆದರೆ ಕಾಣುವುದಿಲ್ಲ. ಕಗ್ಗತ್ತಲಲ್ಲಿ ಅದನ್ನು ಡೆವಲಪರ್ ಎಂಬ ನೀರಿನಲ್ಲಿ ಇಳಿಬಿಡಬೇಕು. ಇಷ್ಟೇ ಹೊತ್ತು ಎಂದು ಲೆಕ್ಕ. ಕಡಿಮೆಯಾದರೆ ಚಿತ್ರ ಮೂಡುವುದಿಲ್ಲ, ಹೆಚ್ಚಾದರೆ ಮಸಿಯಲ್ಲಿ ಅದ್ದಿದಂತೆ ಕಪ್ಪಾಗುತ್ತದೆ. ಆಮೇಲೆ ಫಿಕ್ಸರ್ ಎಂಬ ಇನ್ನೊಂದು ನೀರು. ಅದರೊಳಗೆ ಹೋದ ಮೇಲೆ ಆದದ್ದು ಆಯಿತು. ಮುಚ್ಚಳದ ಡಬ್ಬಿಗಳು ಬಂದ ಮೇಲೆ ಎಷ್ಟೋ ಜನ ದೀಪ ಹಾಕಿಕೊಂಡೇ ಫಿಲ್ಮು ತೊಳೆಯತೊಡಗಿದರು. ಕತ್ತಲೆಮಾವನಿಗೆ ಆ ಡಬ್ಬಿಗಳಲ್ಲಿ ಕೈ ಕೂಡಿಬರಲಿಲ್ಲ. ಗುರು ಕಲಿಸಿದ ಹಾಗೆ ಬಾಯಿ ತೆರೆದ ಉದ್ದ ತೊಟ್ಟಿಗಳಲ್ಲೇ, ಕಣ್ಣು ಇದ್ದೂ ಇಲ್ಲದವನಂತೆ ನಿಂತು ತೊಳೆಯುತ್ತಿದ್ದ.

ಅಂಥ ಕತ್ತಲಲ್ಲಿ ಗಡಿಯಾರ ಕಾಣದು. ಹಸಿರಾಗಿ ಮಿನುಗುವ ಮುಳ್ಳಿನ ಗಡಿಯಾರವನ್ನು ಕೂಡ ಗುರು ಒಳಗೆ ಬಿಡುತ್ತಿರಲಿಲ್ಲ. ಅಷ್ಟು ಬೆಳಕೂ ಫಿಲ್ಮಿಗೆ ಎಂಜಲು ಎನ್ನುತ್ತಿದ್ದ. ಗುರು ಹೊತ್ತನ್ನು ಅಳೆದದ್ದು ದೇವರ ನಾಮ ಎಣಿಸಿ. ಶಿಷ್ಯನೂ ಮೊದಲು ಹಾಗೇ ಮಾಡಿದ. ಆದರೆ ಮನಸ್ಸು ಗಾಬರಿಯಾದ ದಿನ ನಾಮವೂ ಓಡುತ್ತಿತ್ತು, ಫಿಲ್ಮು ಕೆಡುತ್ತಿತ್ತು. ಅವನ ಭಕ್ತಿ ಸಣ್ಣದೇನಲ್ಲ. ಅವನ ನಾಡಿ ಅದಕ್ಕೆ ಸಾಕಾಗಲಿಲ್ಲ, ಅಷ್ಟೆ. ಆಗ ಯಾರೋ ಗಿರಾಕಿ ಕೌಂಟರಿನ ಮೇಲೆ ಮರೆತುಹೋದ ಒಂದು ಕ್ಯಾಸೆಟ್ಟು ಅವನ ಕೈಗೆ ಬಂತು. ಆರು ತಿಂಗಳು ಕಾದರೂ ಯಾರೂ ಕೇಳಿಕೊಂಡು ಬರಲಿಲ್ಲ. ಒಂದು ಹಳೆಯ ಟೇಪ್ ರೆಕಾರ್ಡರ್ ಕೊಂಡು, ಅದರ ಕೆಂಪು ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿ, ಒಳಗೆ ಇಟ್ಟುಕೊಂಡ. ಟೇಪು ಗಾಬರಿಯಾಗುವುದಿಲ್ಲವಲ್ಲ.

ಆ ಕ್ಯಾಸೆಟ್ಟಿನಲ್ಲಿದ್ದದ್ದು ದೂರದ ಯಾವುದೋ ದೇಶದ ನಾಲ್ಕು ಜನರ ಹಾಡಿನ ತಂಡ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಆ ನಾಲ್ವರೂ ನೀರಿಲ್ಲದ ಈಜುಕೊಳದ ತಳದಲ್ಲಿ ನಿಂತು ಮೇಲಕ್ಕೆ ನೋಡುತ್ತಿರುವ ಚಿತ್ರ. ಒಂದು ಮಗ್ಗುಲಿಗೆ ನಾಲ್ಕು ಹಾಡು, ಇನ್ನೊಂದಕ್ಕೆ ಐದು. ಅವರ ಭಾಷೆಯ ಒಂದು ಪದವೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದಿದ್ದದ್ದೇ ಅನುಕೂಲವಾಯಿತು. ಮೊದಲ ಎರಡು ಹಾಡು ಡೆವಲಪರ್‌ಗೆ. ಮೂರನೆಯದು, ನಾಲ್ಕನೆಯದು ಫಿಕ್ಸರ್‌ಗೆ. ಮಗುಚಿ ಹಾಕಿದರೆ ಇನ್ನೊಂದು ಮಗ್ಗುಲು ಪೂರ್ತಿ ನೀರಲ್ಲಿ ಜಾಲಿಸುವುದಕ್ಕೆ.

ಆ ಹಾಡುಗಳನ್ನು ಅವನು ತನ್ನ ಮನೆಯ ಮೆಟ್ಟಿಲಿನಂತೆ ಬಲ್ಲವನಾದ. ಮೊದಲು ಬರೀ ಡ್ರಮ್ಮು, ಎಂಟು ಪೆಟ್ಟು. ಆಮೇಲೆ ಯಾರೋ ಕಿಟಕಿ ತೆರೆದ ಹಾಗೆ ಗಿಟಾರು. ಎರಡನೆಯ ಹಾಡಿನಲ್ಲಿ ಹಾಡುವವನು ಬೇಕೆಂದೇ ಅರೆಕ್ಷಣ ತಡಮಾಡಿ ಶುರುಮಾಡುತ್ತಾನೆ, ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವವನಂತೆ. ಮೂರನೆಯದರ ನಡುವೆ ಗಿಟಾರಿನವನ ಬೆರಳು ತಂತಿಯ ಮೇಲೆ ಒಂದು ಸಲ ಜಾರುತ್ತದೆ. ಕೀಚ್ ಎಂದು ಸಣ್ಣ ಸದ್ದು. ಅದು ತಪ್ಪು. ಅಳಿಸಬಹುದಿತ್ತು, ಅವರು ಅಳಿಸಲಿಲ್ಲ. ಇಷ್ಟು ದೊಡ್ಡ ಕೆಲಸಗಾರರು ತಮ್ಮ ತಪ್ಪನ್ನು ಲೋಕಕ್ಕೆಲ್ಲ ಕೇಳುವಂತೆ ಬಿಟ್ಟಿದ್ದಾರಲ್ಲ ಎಂದು ಅವನಿಗೆ ಆ ಜಾಗದಲ್ಲಿ ಪ್ರತಿ ಸಲವೂ ಎದೆ ಮೆತ್ತಗಾಗುತ್ತಿತ್ತು. ಆದರೆ ನಿಂತು ಕೇಳುವ ಪುರುಸೊತ್ತು ಎಲ್ಲಿಯದು? ಕೈ ಫಿಲ್ಮನ್ನು ಎತ್ತಿ ಅದ್ದುತ್ತಿರಬೇಕು. ಹಾಡು ಅವನಿಗೆ ಗಡಿಯಾರ.

ವರ್ಷಗಳು ಕಳೆದ ಹಾಗೆ ಟೇಪ್ ರೆಕಾರ್ಡರಿನ ಒಳಗಿನ ರಬ್ಬರಿನ ಬೆಲ್ಟು ಸಡಿಲವಾಯಿತು. ಹಾಡು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ನಿಧಾನವಾಗುತ್ತ ಬಂತು. ನೆಗೆಟಿವ್‌ಗಳು ಕೊಂಚ ಕಪ್ಪಾಗುತ್ತಿವೆ ಎಂದು ಕತ್ತಲೆಮಾವ ಡೆವಲಪರ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಕಡಿಮೆ ಮಾಡುತ್ತ ಬಂದ. ಏಕೆ ಎಂದು ಕೇಳಿಕೊಳ್ಳಲಿಲ್ಲ. ಹಾಡು ನಿಧಾನವಾದದ್ದು ಅವನಿಗೆ ಗೊತ್ತೇ ಆಗಲಿಲ್ಲ, ಅವನೂ ಅದರ ಜೊತೆಗೇ ನಿಧಾನವಾಗುತ್ತಿದ್ದ.

ಒಂದು ಸೋಮವಾರ ಕಂಡಕ್ಟರಮ್ಮ ಬಂದಳು. ಆ ಬೀದಿಯಿಂದ ಹೊರಡುವ ಹನ್ನೆರಡನೆಯ ನಂಬರಿನ ಬಸ್ಸಿನ ಕಂಡಕ್ಟರು ಅವಳು. ನಲವತ್ತರ ಹತ್ತಿರದ ಹೆಂಗಸು. ಗಂಟಲು ಎಷ್ಟು ದೊಡ್ಡದೆಂದರೆ ಅವಳು "ಹಿಂದೆ ಹೋಗಿ, ಹಿಂದೆ ಹೋಗಿ" ಎಂದರೆ ಅಂಗಡಿಯಲ್ಲಿ ನಿಂತವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂದು ಆ ಗಂಟಲು ಮೆತ್ತಗಿತ್ತು. ಟಿಕೆಟ್ಟಿನ ಚೀಲದಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು.

"ಮಾವ, ಇದು ತೊಳೆಯೋಕಾಗುತ್ತಾ ನೋಡಿ."

ಒಳಗೆ ಒಂದು ಫಿಲ್ಮಿನ ಸುರುಳಿ. ಕತ್ತಲೆಮಾವ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಎಷ್ಟು ವರ್ಷದ್ದಮ್ಮ ಇದು?"

"ಮೂವತ್ತೇಳು. ಚಿಕ್ಕಮ್ಮ ಮನೆ ಬದಲಾಯಿಸೋವಾಗ ಹೊಲಿಗೆ ಮೆಷಿನ್ನಿನ ಡ್ರಾಯರಲ್ಲಿ ಸಿಕ್ತು. ನಾನು ನಡೆಯೋಕೆ ಕಲಿತಾಗ ಮಹಡಿ ಮೇಲೆ ನಮ್ಮಪ್ಪನ ಸ್ನೇಹಿತರು ಯಾರೋ ತೆಗೆದಿದ್ದಂತೆ. ಅಷ್ಟರಲ್ಲಿ ನಮ್ಮಮ್ಮ ತೀರಿಕೊಂಡ್ರು. ಆಮೇಲೆ ಯಾರಿಗೆ ಬೇಕಾಗಿತ್ತು ಇದು?"

"ಅಮ್ಮ ಇದ್ದಾರಾ ಇದರಲ್ಲಿ?" ಎಂದು ಕೌಂಟರತ್ತೆ ಮೆಲ್ಲಗೆ ಕೇಳಿದಳು.

"ಇದರಲ್ಲಿ ಮಾತ್ರ ಇರೋದತ್ತೆ. ಬೇರೆ ಒಂದೂ ಫೋಟೋ ಇಲ್ಲ. ನಾನು ಆಗ ಒಂದೂವರೆ ವರ್ಷದೋಳು, ಮುಖ ಹೇಗಿತ್ತು ಅಂತ ಗೊತ್ತಿಲ್ಲ. ಚಿಕ್ಕಮ್ಮನ್ನ ಕೇಳಿದ್ರೆ ನಿನ್ ಥರಾನೇ ಅಂತಾರೆ. ನನ್ನ ಥರ ಅಂದ್ರೆ ಯಾವ ಥರ? ಕನ್ನಡಿಯಲ್ಲಿ ನನಗೆ ನಾನೇ ಕಾಣ್ತೀನಿ."

ಕತ್ತಲೆಮಾವ ಸುರುಳಿಯನ್ನು ಅಂಗೈಯಲ್ಲಿ ತೂಗಿ ನೋಡಿದ. ಇಷ್ಟು ಹಳೆಯ ಫಿಲ್ಮಿನಲ್ಲಿ ಚಿತ್ರ ಉಳಿದಿದ್ದರೂ ಉಳಿದೀತು. ಆದರೆ ವಯಸ್ಸಿನ ಮಬ್ಬು ಅದರ ಮೇಲೆ ಕವಿದಿರುತ್ತದೆ. ಕಡಿಮೆ ಹೊತ್ತಿಟ್ಟರೆ ಚಿತ್ರ ಏಳುವುದಿಲ್ಲ. ಒಂದಿಷ್ಟು ಹೆಚ್ಚಾದರೆ ಮಬ್ಬೇ ಎದ್ದು ಚಿತ್ರವನ್ನು ನುಂಗುತ್ತದೆ. ಹದ ಸಿಕ್ಕುವುದು ಒಂದು ಕೂದಲಿನ ಅಂಚಿನಲ್ಲಿ, ಅದೂ ಒಂದೇ ಸಲ.

"ಇದಕ್ಕೆ ಎರಡನೇ ಸಲ ಅನ್ನೋದಿಲ್ಲಮ್ಮ," ಎಂದ.

"ಗೊತ್ತು. ಅದಕ್ಕೇ ನಿಮ್ಮ ಹತ್ರ ತಂದಿದ್ದು. ಈಗ ಇನ್ಯಾರಿಗೆ ಬರುತ್ತೆ ಈ ಕೆಲಸ? ನೀವು ದೇವರ ಮೇಲೆ ಭಾರ ಹಾಕಿ ಮಾಡಿ, ನಾನು ನಿಮ್ಮ ಮೇಲೆ ಹಾಕ್ತೀನಿ."

ಅವನು ಅವಸರ ಮಾಡಲಿಲ್ಲ. ತನ್ನ ಕಪಾಟಿನಲ್ಲಿ ಅದೇ ಕಾಲದ, ಯಾರೋ ತೆಗೆದುಕೊಂಡು ಹೋಗದೆ ಬಿಟ್ಟ, ಇನ್ನೂ ತೊಳೆಯದ ಒಂದು ಫಿಲ್ಮು ಇತ್ತು. ಅದನ್ನು ಮೂರು ತುಂಡು ಮಾಡಿ, ಒಂದೊಂದನ್ನೂ ಬೇರೆಬೇರೆ ಹೊತ್ತು ತೊಳೆದು ನೋಡಿದ. ಎರಡು ಹಾಡಿಗೆ ತೆಗೆದದ್ದು ತೆಳ್ಳಗೆ, ನೀರಿನಂತೆ ಬಂತು. ಮೂರು ಹಾಡಿಗೆ ತೆಗೆದದ್ದು ಕಪ್ಪು. ಮೂರನೆಯ ಹಾಡಿನಲ್ಲಿ ಬೆರಳು ಜಾರುತ್ತದಲ್ಲ, ಆ ಕೀಚ್ ಎಂಬಲ್ಲಿ ಎತ್ತಿದ ತುಂಡಿನಲ್ಲಿ ಮಾತ್ರ ಒಬ್ಬ ಅಪರಿಚಿತ ಮುದುಕ ಕುರ್ಚಿಯ ಮೇಲೆ ಕೂತು, ಮೂವತ್ತು ಚಿಲ್ಲರೆ ವರ್ಷಗಳಾಚೆಯಿಂದ, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ ಮೂಡಿದ.

"ಸಿಕ್ತು ಕಣೇ," ಎಂದು ಹೊರಗೆ ಬಂದು ಹೆಂಡತಿಗೆ ಹೇಳಿದ. "ಆ ಬೆರಳು ಜಾರೋ ಜಾಗ ಇದೆಯಲ್ಲ, ಅಲ್ಲೇ."

"ನಿಮ್ಮ ಆ ಹಾಡು ಗೂರಲು ಹಿಡಿದೋನ ಥರ ಎಳೀತದೆ," ಎಂದಳು ಅವಳು. "ಅದರಲ್ಲಿ ಬೆರಳು ಯಾವುದು ಜಾರ್ತದೋ, ಕಾಲು ಯಾವುದು ಜಾರ್ತದೋ."

ಅವನು ನಕ್ಕ. ಆ ಮಾತನ್ನು ಅವಳು ಬರೀ ಮಾತಿಗೆ ಹೇಳಿರಲಿಲ್ಲ ಎಂಬುದು ಅವನಿಗೆ ತಿಳಿಯಲಿಲ್ಲ.

ನಡುವೆ ಎರಡು ದಿನ ಅವನು ಕಾಯಿಲೆ ಬಿದ್ದಿದ್ದ ಅಕ್ಕನನ್ನು ನೋಡಲು ಪಕ್ಕದೂರಿಗೆ ಹೋದ. ಅಷ್ಟರಲ್ಲಿ ಕೌಂಟರತ್ತೆ ತಾನು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಕೆಲಸ ಮಾಡಿದಳು. ಬೀದಿಯ ಕೊನೆಯ ರೇಡಿಯೋ ರಿಪೇರಿಯವನನ್ನು ಎಲ್ಲರೂ ಸ್ಕ್ರೂ ಎನ್ನುತ್ತಿದ್ದರು. ಅವನನ್ನು ಕರೆಸಿ, ಗಂಡನ ಟೇಪ್ ರೆಕಾರ್ಡರನ್ನು ಬಿಚ್ಚಿಸಿ, ಹೊಸ ಬೆಲ್ಟು ಹಾಕಿಸಿದಳು. ಸ್ಕ್ರೂ ಅದರೊಳಗೆ ಟೇಪು ಉಜ್ಜಿಕೊಂಡು ಹೋಗಿ ದನಿ ಹೊರಡಿಸುವ ಹೆಡ್ಡನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ ಹೊಳೆಯಿಸಿದ.

"ಅತ್ತೆ, ಇದರೊಳಗಿದ್ದ ಧೂಳಲ್ಲಿ ಗಿಡ ನೆಡಬಹುದಿತ್ತು," ಎಂದ. "ಇನ್ನು ನೋಡಿ, ಮಾವ ಕತ್ತಲಲ್ಲೇ ಕುಣೀತಾರೆ."

"ಹೇಳಬೇಡ ಅವರಿಗೆ," ಎಂದಳು ಅವಳು. "ತಾವಾಗೇ ಕೇಳಿ ತಿಳ್ಕೊಳ್ಳಲಿ. ಮುಖ ನೋಡಬೇಕು ನಾನು."

ಮೂವತ್ತು ವರ್ಷ ಗಂಡನ ಬೆನ್ನನ್ನು ನುಂಗಿದ ಬಾಗಿಲಿಗೆ ಅವಳು ಕೊಟ್ಟ ಕಾಣಿಕೆ ಅದು. ಅದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಯಾರ ಮೇಲೂ ತಪ್ಪು ಹೊರಿಸಲು ಜಾಗವಿಲ್ಲ.

ಗುರುವಾರ ಬೆಳಿಗ್ಗೆ ಕತ್ತಲೆಮಾವ ಕೈ ತೊಳೆದು, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಬಾಗಿಲು ಹಾಕಿಕೊಂಡ. ದೀಪ ಆರಿಸಿದ. ಸುರುಳಿಯನ್ನು ಬಿಚ್ಚಿ, ಎರಡು ತುದಿಗೂ ಕ್ಲಿಪ್ಪು ಹಾಕಿ, ಬಲಗೈಯಲ್ಲಿ ಎತ್ತಿ ಹಿಡಿದ. ಎಡಗೈಯಿಂದ ಟೇಪಿನ ಗುಂಡಿ ಒತ್ತಿದ್ದೂ ಬಲಗೈ ಫಿಲ್ಮನ್ನು ನೀರಿಗೆ ಇಳಿಬಿಟ್ಟದ್ದೂ ಒಟ್ಟಿಗೇ.

ಡ್ರಮ್ಮು. ಎಂಟು ಪೆಟ್ಟು.

ಏನೋ ಅವಸರವೆನಿಸಿತು. ತನ್ನ ಎದೆಯೇ ಇರಬೇಕು, ದೊಡ್ಡ ಕೆಲಸವಲ್ಲವೆ, ಎಂದುಕೊಂಡ. ಕಿಟಕಿ ತೆರೆದು ಗಿಟಾರು ಬಂತು. ಆ ಗಿಟಾರಿಗೆ ಮೈ ತುಂಬ ಬಿಸಿಲಿತ್ತು. ಆಮೇಲೆ ಹಾಡುವವನು ಬಾಯಿ ತೆರೆದ.

ಅದು ಒಬ್ಬ ಹುಡುಗನ ದನಿ.

ಇಷ್ಟು ವರ್ಷ ಜೊತೆಗಿದ್ದವನು ತನ್ನಂತೆಯೇ ಮುದುಕನಾಗಿದ್ದ. ಗಂಟಲು ದಪ್ಪವಾಗಿ, ಉಸಿರು ಭಾರವಾಗಿ, ಪದಗಳನ್ನು ಎಳೆದು ಹಾಕುತ್ತಿದ್ದ. ಇವನು ಇಪ್ಪತ್ತೈದು ವರ್ಷದವನು. ಮೂವತ್ತು ವರ್ಷದ ಹಿಂದೆ, ಮದುವೆಯಾಗಿ ಹನ್ನೊಂದು ದಿನವಾಗಿದ್ದಾಗ, ಇದೇ ಕತ್ತಲಲ್ಲಿ ಮೊದಲ ಸಲ ಕೇಳಿದ್ದ ದನಿ ಇದು. ಕತ್ತಲೆಮಾವನಿಗೆ ಮೊದಲು ಸಂತೋಷವಾಯಿತು. ಮರುಕ್ಷಣವೇ ಅವನಿಗೆ ಅರ್ಥವಾಯಿತು: ಯಾರೋ ಟೇಪನ್ನು ಸರಿಮಾಡಿದ್ದಾರೆ. ಅಂದರೆ ಇಷ್ಟು ದಿನ ಅದು ಸರಿ ಇರಲಿಲ್ಲ. ಅಂದರೆ ತಾನು ಸೋಮವಾರ ಕಂಡುಕೊಂಡ ಲೆಕ್ಕ ಈಗ ಸುಳ್ಳು. ಫಿಲ್ಮು ಆಗಲೇ ನೀರಿನಲ್ಲಿದೆ.

ಹೆಂಡತಿಯನ್ನು ಕೂಗಿ ಗಡಿಯಾರ ನೋಡು ಎನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ನೋಡಿ ಏನು ಮಾಡುವುದು? ಎಷ್ಟು ನಿಮಿಷ ಎಂದು ಅವನಿಗೆ ಗೊತ್ತಿದ್ದರಲ್ಲವೆ? ಅವನ ಬಳಿ ನಿಮಿಷಗಳೇ ಇರಲಿಲ್ಲ. ಇದ್ದದ್ದು ಹಾಡು ಮಾತ್ರ. ಫಿಲ್ಮನ್ನು ಹೊರಗೆ ತೆಗೆಯುವಂತಿಲ್ಲ, ದೀಪ ಹಾಕುವಂತಿಲ್ಲ, ನಿಲ್ಲಿಸಿ ಯೋಚಿಸುವಂತಿಲ್ಲ. ಕೈ ತನ್ನಷ್ಟಕ್ಕೆ ಎತ್ತಿ ಅದ್ದುತ್ತಿತ್ತು. ನೀರಿನಲ್ಲಿ, ಅವನ ಬೆರಳ ತುದಿಗಿಂತ ಒಂದು ಗೇಣು ಕೆಳಗೆ, ಒಬ್ಬ ತಾಯಿಯ ಮುಖ ಮೇಲಕ್ಕೆ ಬರುತ್ತಿತ್ತು ಅಥವಾ ಬರುತ್ತಿರಲಿಲ್ಲ.

ಗಟ್ಟಿಯಾಗಿ ಯೋಚಿಸಿದ. ಹಾಡು ಮುಂಚೆಗಿಂತ ಬೇಗ ಓಡುತ್ತಿದೆ. ಹಾಗಾದರೆ ಬೆರಳು ಜಾರಿದ ಮೇಲೂ ಸ್ವಲ್ಪ ಹೊತ್ತು ಕಾಯಬೇಕು. ಎಷ್ಟು? ಜಾರಿದ ಮೇಲೆ ಒಂದು ಪಲ್ಲವಿ ಬರುತ್ತದೆ. ಆ ಪಲ್ಲವಿ ಮುಗಿಯುವ ತನಕ. ಅಷ್ಟೇ ಇರಬಹುದು. ದೇವರೇ, ಅಷ್ಟೇ ಇರಲಿ.

ಎರಡನೆಯ ಹಾಡು ಶುರುವಾಯಿತು. ಹಾಡುವವನು ಬಾಗಿಲಲ್ಲಿ ಅರೆಕ್ಷಣ ನಿಂತ. ಅವನು ನಿಂತ ಆ ಖಾಲಿಯಲ್ಲಿ ಕತ್ತಲೆಮಾವನಿಗೆ ಇನ್ನೊಂದು ದನಿ ಕೇಳಿಸಿತು.

ಹೆಂಗಸಿನ ದನಿ. ಪದವಿಲ್ಲ, ಬರೀ ಗುನುಗು. ದೂರದಲ್ಲಿ, ಗೋಡೆಯಾಚೆ ಯಾರೋ ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿರುವ ಹಾಗೆ. ಇಷ್ಟು ವರ್ಷ ಕೊಳೆ ಹಿಡಿದ ಹೆಡ್ಡು ಅದನ್ನು ನುಂಗಿ ಕೂತಿತ್ತು. ಡಬ್ಬಿಯ ಮೇಲಿದ್ದವರು ನಾಲ್ಕೂ ಜನ ಗಂಡಸರು. ಇವಳು ಯಾರು? ಚಿತ್ರದಲ್ಲಿ ಇಲ್ಲದವಳು, ಹೆಸರು ಹಾಕಿಸಿಕೊಳ್ಳದವಳು. ಅವನು ಮುಂದೆ ಹಾಡಿದಂತೆ ಇವಳು ಹಿಂದೆ ಹಿಂದೆ, ಎಡವಿದರೆ ಹಿಡಿಯಲು ಬಂದವಳ ಹಾಗೆ, ಒಂದೇ ಹೆಜ್ಜೆ ಅಂತರದಲ್ಲಿ ಬರುತ್ತಿದ್ದಳು. ಅವನು ಮೇಲಕ್ಕೆ ಹೋದರೆ ಇವಳು ಕೆಳಗೆ ನಿಂತು ಕಾಯುತ್ತಿದ್ದಳು. ಎರಡನೆಯ ಹಾಡು ಕೊನೆಯಾಗುವಾಗ ಅವಳೇ ಮುಂದೆ ಬಂದು, ಹಾಡನ್ನು ಕೈಹಿಡಿದು ಮೂರನೆಯದರೊಳಕ್ಕೆ ದಾಟಿಸಿದಳು.

ಸಾವಿರಾರು ಸಲ ಅವನು ಆ ಹಾಡುಗಳಿಂದ ಹೊತ್ತನ್ನು ಅಳೆದಿದ್ದ. ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳಿದ. ಕೇಳುತ್ತ ಅವನಿಗೆ ಕೋಣೆ ಇರಲಿಲ್ಲ, ವಯಸ್ಸು ಇರಲಿಲ್ಲ, ಕೈ ಯಾರದೋ ಕೈಯಾಗಿ ತನ್ನ ಕೆಲಸ ತಾನು ಮಾಡುತ್ತಿತ್ತು. ಪ್ರಾರ್ಥನೆಯಲ್ಲಿ ಎಷ್ಟೋ ಸಲ ಬೇಡಿದರೂ ಸಿಗದ ಒಂದು ಶಾಂತಿ ಕರೆಯದೆ ಬಂದು ಅವನಿಗೆ ಹೊದಿಕೆಯಾಯಿತು.

ನೀರಿನಿಂದ ತಲೆ ಎತ್ತಿದವನಂತೆ ಅವನು ಎಚ್ಚೆತ್ತಾಗ ಡ್ರಮ್ಮು ನಿಂತಿತ್ತು. ಪಿಯಾನೋ ಒಂದೇ ನುಡಿಯುತ್ತಿತ್ತು. ಅದು ನಾಲ್ಕನೆಯ ಹಾಡಿನ ನಡುಭಾಗ.

ಬೆರಳು ಯಾವಾಗ ಜಾರಿತೋ ಅವನಿಗೆ ಕೇಳಿಸಲೇ ಇಲ್ಲ.

ಫಿಲ್ಮನ್ನು ಎತ್ತಿ ಫಿಕ್ಸರ್‌ಗೆ ಹಾಕುವಾಗ ಅವನ ಕೈ ಎರಡು ಸಲ ತೊಟ್ಟಿಯ ಅಂಚಿಗೆ ತಗಲಿತು. ನನ್ನ ಕಣ್ಣು ಬೇಕಾದರೆ ತೆಗೆದುಕೋ, ಆ ಮುಖ ಉಳಿಸು ಎಂದು ಕೇಳಿಕೊಂಡ. ಕೇಳಿಕೊಳ್ಳುವಾಗಲೇ ಗೊತ್ತಿತ್ತು, ಆಗಿಹೋದದ್ದನ್ನು ಬಿಡಿಸಿಕೊಡು ಎಂದು ದೇವರನ್ನು ಕೇಳುವುದು ಸರಿಯಲ್ಲ ಎಂದು. ಆದರೂ ಕೇಳಿದ. ಆ ಹೊತ್ತಿನಲ್ಲಿ ಬೇರೇನು ಮಾಡಬಲ್ಲ ಮನುಷ್ಯ?

ದೀಪ ಹಾಕಿದಾಗ ಫಿಲ್ಮು ಉದ್ದಕ್ಕೂ ಕಪ್ಪಾಗಿತ್ತು.

ಹೊರಗೆ ಕೌಂಟರತ್ತೆ ಮುಖ ಅರಳಿಸಿಕೊಂಡು ನಿಂತಿದ್ದಳು. "ಕೇಳಿಸ್ತಾ? ಹೊಸ ಬೆಲ್ಟು ಕಣ್ರೀ! ನಾನೇ ಹಾಕಿಸಿದ್ದು. ಹೇಗಿದೆ ಹೇಳಿ."

ಅವನು ಅವಳನ್ನೇ ನೋಡಿದ. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಚೆನ್ನಾಗಿದೆ," ಎಂದ. "ತುಂಬಾ ಚೆನ್ನಾಗಿದೆ."

ಫಿಲ್ಮು ಒಣಗುವ ತನಕ ಅವನು ಊಟಕ್ಕೆ ಬರಲಿಲ್ಲ. ಹನ್ನೆರಡು ಚಿತ್ರಗಳಲ್ಲಿ ಹನ್ನೊಂದು ಬರೀ ಮಸಿ. ಒಂದರಲ್ಲಿ ಮಾತ್ರ, ಕೆಳಗಿನ ಮೂಲೆಯಲ್ಲಿ, ಏನೋ ಸುಳಿವಿತ್ತು. ಅದನ್ನು ಕಾಗದಕ್ಕೆ ಇಳಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಮಹಡಿಯ ಮೋಟುಗೋಡೆಯ ನೆರಳು ಬಿದ್ದಷ್ಟು ಜಾಗ ಉಳಿದಿತ್ತು. ಆ ನೆರಳಿನಲ್ಲಿ ಮಗುವಿನ ಎರಡು ಕಾಲು, ಒಂದು ಕಾಲು ನೆಲದಿಂದ ಎದ್ದದ್ದು. ಮಗುವಿನ ಮುಷ್ಟಿ. ಮುಷ್ಟಿಯೊಳಗೆ ಹೆಂಗಸಿನ ಒಂದು ಬೆರಳು. ಆ ಕೈ ಮಣಿಕಟ್ಟಿನ ತನಕ ಇತ್ತು. ಅಲ್ಲಿಂದ ಮೇಲೆ ಬಿಸಿಲಿತ್ತು. ಬಿಸಿಲಿನಲ್ಲಿದ್ದದ್ದೆಲ್ಲ ಫಿಲ್ಮಿನಲ್ಲಿ ಸುಟ್ಟು ಕಪ್ಪಾಗಿ, ಕಾಗದದಲ್ಲಿ ಬರೀ ಬಿಳುಪಾಗಿತ್ತು.

ಅಷ್ಟರಲ್ಲಿ ಕೌಂಟರತ್ತೆಗೆ ಎಲ್ಲ ತಿಳಿದಿತ್ತು. ಅವನು ಹೇಳಲಿಲ್ಲ, ಕಪ್ಪು ಫಿಲ್ಮನ್ನೂ ಗಂಡನ ಮುಖವನ್ನೂ ಜೊತೆಗೆ ನೋಡಿ ಅವಳೇ ಓದಿಕೊಂಡಳು.

"ಬೆಲ್ಟಿಂದಾನಾ?" ಎಂದು ಕೇಳಿದಳು.

"ಅಲ್ಲ."

"ನನ್ನ ಮುಖ ನೋಡಿ ಹೇಳಿ."

"ಬೆಲ್ಟು ಸರಿ ಮಾಡ್ತು ಕಣೇ. ಸರಿ ಇಲ್ಲದೋನು ನಾನು. ಬೆಲ್ಟು ಹೊಸದು ಅಂತ ಮೊದಲನೇ ಪದಕ್ಕೇ ಗೊತ್ತಾಯ್ತು. ಎಚ್ಚರ ಇದ್ದಿದ್ರೆ ದಾರಿ ಹುಡುಕ್ತಿದ್ದೆ. ನಾನು ಹಾಡು ಕೇಳ್ತಾ ನಿಂತುಬಿಟ್ಟೆ."

ಅವಳು ಕೌಂಟರಿನ ಮೇಲಿನ ಪೆನ್ನನ್ನು ಎತ್ತಿ ಪುಸ್ತಕದ ಮೇಲಿಟ್ಟಳು. ಪುಸ್ತಕದ ಮೇಲಿಂದ ಎತ್ತಿ ಮತ್ತೆ ಕೌಂಟರಿನ ಮೇಲಿಟ್ಟಳು. ಆಮೇಲೆ ಇಬ್ಬರೂ ಬೀದಿಯ ಕಡೆ ನೋಡುತ್ತ ಕೂತರು, ಪರೀಕ್ಷೆಯಲ್ಲಿ ಫೇಲಾದ ಇಬ್ಬರು ಮಕ್ಕಳು ಅಪ್ಪನನ್ನು ಕಾಯುವ ಹಾಗೆ.

ಸಂಜೆ ನಾಲ್ಕೂವರೆಗೆ ಪಾಳಿ ಮುಗಿಸಿ ಕಂಡಕ್ಟರಮ್ಮ ಬಂದಳು. ಸಮವಸ್ತ್ರದಲ್ಲೇ ಬಂದಿದ್ದಳು, ಮುಖ ತೊಳೆದಿದ್ದಳು, ತಲೆ ಬಾಚಿದ್ದಳು. ಯಾರನ್ನೋ ಭೇಟಿಯಾಗಲು ಹೊರಟವಳಂತೆ. ಅದನ್ನು ನೋಡಿ ಕೌಂಟರತ್ತೆ ತಲೆ ತಗ್ಗಿಸಿದಳು.

"ಬಂದ್ರಾ?" ಎಂದು ಕೇಳಿದಳು ಕಂಡಕ್ಟರಮ್ಮ. ಫೋಟೋ ಬಂತಾ ಎನ್ನಲಿಲ್ಲ.

ಕತ್ತಲೆಮಾವ ಚಿತ್ರವನ್ನು ಅವಳ ಕೈಗೆ ಕೊಟ್ಟ. ಅವಳು ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಹಿಂದೆ ಏನಾದರೂ ಇದೆಯೇ ಎಂದು ಮಗುಚಿಯೂ ನೋಡಿದಳು.

"ಮುಖ?"

"ಬರಲಿಲ್ಲಮ್ಮ."

"ಹಳೇದು ಅಲ್ವಾ," ಎಂದು ಅವಳೇ ಸಮಾಧಾನಕ್ಕೆ ಬಂದಳು. "ನೀವು ಅವತ್ತೇ ಹೇಳಿದ್ರಿ. ಮೂವತ್ತೇಳು ವರ್ಷ ಅಂದ್ರೆ ಫಿಲ್ಮು ತಾನೇ ಏನು ಮಾಡೀತು?"

ಇಲ್ಲಿ ಕತ್ತಲೆಮಾವ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು. ಅವನ ಹೆಂಡತಿಯೂ ಆ ದಾರಿಯನ್ನೇ ನೋಡುತ್ತಿದ್ದಳು. ಆದರೆ ತಮ್ಮ ತಪ್ಪನ್ನು ಅಳಿಸದೆ ಬಿಟ್ಟವರ ಹಾಡನ್ನು ಮೂವತ್ತು ವರ್ಷ ಕೇಳಿದವನಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಫಿಲ್ಮು ಚೆನ್ನಾಗಿತ್ತಮ್ಮ. ನನ್ನಿಂದ ಕೆಟ್ಟಿತು. ಹೊತ್ತು ಮೀರಿ ಬಿಟ್ಟೆ."

"ಯಾಕೆ? ಏನಾಯ್ತು?"

"ಒಳಗೆ ಹಾಡು ಹಾಕ್ಕೊಂಡಿರ್ತೀನಿ, ಹೊತ್ತಿನ ಲೆಕ್ಕಕ್ಕೆ. ಅದನ್ನ ಕೇಳ್ತಾ ಮೈಮರೆತೆ."

ಬೀಗದ ಅಂಗಡಿಯಲ್ಲಿ ಯಾರೋ ಅರ ಹಾಕುವ ಸದ್ದು ಬರುತ್ತಿತ್ತು. ಅದೂ ನಿಂತಿತು.

"ನಮ್ಮಮ್ಮ ಆ ನೀರಲ್ಲಿದ್ದಾಗ," ಎಂದಳು ಕಂಡಕ್ಟರಮ್ಮ, ಒಂದೊಂದೇ ಪದ ಎತ್ತಿಡುತ್ತ, "ನೀವು ಹಾಡು ಕೇಳ್ತಿದ್ರಾ?"

"ಹೌದು ತಾಯಿ."

"ಕೇಳ್ದೆ ಇದ್ದಿದ್ರೆ ಬರ್ತಿದ್ರಾ ಅವರು?"

"ಗೊತ್ತಿಲ್ಲ..."

"ಗೊತ್ತಿಲ್ಲ ಅನ್ನಬೇಡಿ ಮಾವ. ಬಸ್ಸಲ್ಲಿ ದಿನಾ ಇನ್ನೂರು ಜನ ಗೊತ್ತಿಲ್ಲ ಅಂತಾರೆ ನನಗೆ."

ಅವನು ಅವಳ ಕೈಯಲ್ಲಿದ್ದ ಚಿತ್ರವನ್ನು ನೋಡಿದ. "ನೆರಳಲ್ಲಿದ್ದದ್ದೇ ಬಂದಿದೆ ಅಂದ ಮೇಲೆ ಬಿಸಿಲಲ್ಲಿದ್ದದ್ದು ಇದ್ದೇ ಇತ್ತಮ್ಮ. ಬರ್ತಿದ್ರು."

"ಏ ಹುಡುಗಿ, ಆ ಬೆಲ್ಟು ನಾನೇ..." ಎಂದು ಕೌಂಟರತ್ತೆ ಎದ್ದಳು. ಕತ್ತಲೆಮಾವ ಅವಳ ತೋಳು ಹಿಡಿದು ಕೂರಿಸಿದ. ಕಂಡಕ್ಟರಮ್ಮನಿಗೆ ಅದು ಕಾಣಲಿಲ್ಲ, ಅವಳ ಕಣ್ಣು ಹಿಂದಿನ ಬಾಗಿಲಿನ ಮೇಲಿತ್ತು.

"ಹಾಕಿ ಅದನ್ನ," ಎಂದಳು. ಬಸ್ಸಿನ ಗಂಟಲು ವಾಪಸು ಬಂದಿತ್ತು. "ಅಂಥದ್ದೇನಿದೆ ಅದರಲ್ಲಿ ಅಂತ ನಾನೂ ಕೇಳ್ತೀನಿ."

ಅವನು ಟೇಪ್ ರೆಕಾರ್ಡರನ್ನು ಹೊರಗೆ ತಂದು ಕೌಂಟರಿನ ಮೇಲಿಟ್ಟ. ಮೂವತ್ತು ವರ್ಷದಲ್ಲಿ ಅದು ಹಗಲು ಕಂಡದ್ದು ಸ್ಕ್ರೂ ಅದನ್ನು ಬಿಚ್ಚಿದ ದಿನ ಬಿಟ್ಟರೆ ಇವತ್ತೇ. ಮೂಲೆಗಳಲ್ಲಿ ಬಣ್ಣ ಹೋಗಿತ್ತು, ಅವನ ಹೆಬ್ಬೆರಳು ಒತ್ತುವ ಗುಂಡಿ ಸವೆದು ಗುಳಿಬಿದ್ದಿತ್ತು. ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದ. ಎಂಟು ಪೆಟ್ಟು. ಗಿಟಾರು. ಆ ಹುಡುಗನ ದನಿ.

ಅವಳು ನಿಂತೇ ಕೇಳಿದಳು. ಒಂದು ಕೈಯಲ್ಲಿ ಚಿತ್ರ, ಇನ್ನೊಂದು ಕೈ ಚೀಲದ ಬಾಯಿಯ ಮೇಲೆ, ಜೇಬುಗಳ್ಳರಿರುವ ಬಸ್ಸಿನಲ್ಲಿ ನಿಲ್ಲುವ ಹಾಗೆ. ಎರಡನೆಯ ಹಾಡಿನಲ್ಲಿ ಆ ಹೆಂಗಸಿನ ಗುನುಗು ಬಂದಾಗ ಅವಳ ಹುಬ್ಬು ಕೊಂಚ ಏ‌ರಿತು. "ಇದ್ಯಾರು?" ಎಂದಳು.

"ಗೊತ್ತಿಲ್ಲಮ್ಮ. ಇದು ನಿಜವಾಗ್ಲೂ ಗೊತ್ತಿಲ್ಲ. ಡಬ್ಬಿ ಮೇಲೆ ಅವಳ ಚಿತ್ರ ಇಲ್ಲ."

ಮೂರನೆಯ ಹಾಡು ಬಂತು. ಬೆರಳು ಜಾರಿತು, ಕೀಚ್ ಎಂದಿತು. ಕತ್ತಲೆಮಾವನಿಗೆ ಅದು ಹಗಲಿನಲ್ಲಿ, ಅಷ್ಟು ಸ್ಪಷ್ಟವಾಗಿ, ಯಾರೋ ಕರೆದ ಹಾಗೆ ಕೇಳಿಸಿತು. ಅವನ ಕೈ ತಾನಾಗಿಯೇ ಮೇಲಕ್ಕೆ ಎದ್ದಿತು, ಏನನ್ನೋ ನೀರಿನಿಂದ ಎತ್ತುವ ಹಾಗೆ. ಎದ್ದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಅದನ್ನು ಕೌಂಟರಿನ ಮೇಲೆ ಅಂಗಾತ ಇಟ್ಟ.

ನಾಲ್ಕನೆಯ ಹಾಡೂ ಮುಗಿದು ಟೇಪು ಟಕ್ ಎಂದು ನಿಂತಿತು.

"ಚೆನ್ನಾಗಿದೆ," ಎಂದಳು ಕಂಡಕ್ಟರಮ್ಮ. ಅವಳ ಕಣ್ಣು ಒದ್ದೆಯಾಗಿತ್ತು. ದನಿ ಮಾತ್ರ ಒಣಗಿತ್ತು. "ಚೆನ್ನಾಗಿಲ್ದೆ ಇದ್ದಿದ್ರೆ ನಿಮಗೆ ನಾಲ್ಕು ಬೈದು ಹೋಗಬಹುದಿತ್ತು. ಈಗ ಏನು ಮಾಡ್ಲಿ ಹೇಳಿ?"

ಅವಳು ಚಿತ್ರವನ್ನು ತಗಡಿನ ಡಬ್ಬಿಗೆ ಹಾಕಲು ನೋಡಿದಳು, ಹಿಡಿಯಲಿಲ್ಲ. ಕೌಂಟರತ್ತೆ ಒಂದು ಕಾಗದದ ಲಕೋಟೆ ಕೊಟ್ಟಳು. ಅದನ್ನು ಚೀಲದಲ್ಲಿ ಟಿಕೆಟ್ಟುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕಂಡಕ್ಟರಮ್ಮ ಮೆಟ್ಟಿಲಿಳಿದಳು. ಬೀದಿಯಲ್ಲಿ ಎದುರಿಗೆ ಬಂದ ಹೆಂಗಸರ ಮುಖಗಳನ್ನು ಎಂದಿನಂತೆ ಒಂದೊಂದಾಗಿ ನೋಡುತ್ತ ನಡೆದುಹೋದಳು.

ಶುಕ್ರವಾರ ಬೆಳಿಗ್ಗೆ ಒಂದು ಶಾಲೆಯ ಮಾಸ್ತರರ ಫಿಲ್ಮು ಬಂದಿತ್ತು. ಕತ್ತಲೆಮಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಫಿಲ್ಮು ಎತ್ತಿ ಹಿಡಿದ. ಎಡಗೈ ಅಭ್ಯಾಸದಂತೆ ಟೇಪಿನ ಕಡೆ ಹೋಯಿತು, ಗುಂಡಿಯ ಗುಳಿಯಲ್ಲಿ ಹೆಬ್ಬೆರಳು ಕೂತಿತು. ಒತ್ತಲಾಗಲಿಲ್ಲ. ಒತ್ತಿದರೆ ಅವಳು ಗುನುಗುತ್ತಾಳೆ. ಗುನುಗಿದರೆ ಅವನು ಕೇಳುತ್ತಾನೆ. ಇನ್ನು ಅದು ಗಡಿಯಾರವಾಗಲಾರದು. ದೇವರ ನಾಮ ಎಣಿಸಲು ಶುರುಮಾಡಿದ. ಮೂರಕ್ಕೇ ಅದು ಓಡತೊಡಗಿತು.

ಫಿಲ್ಮನ್ನು ಹಾಗೇ ಗಾಳಿಯಲ್ಲಿ ಹಿಡಿದು ಅವನು ಎಷ್ಟು ಹೊತ್ತು ನಿಂತಿದ್ದನೋ. ಹಾಡು ಕೇಳಿಸದ್ದನ್ನು ಕೌಂಟರತ್ತೆ ಗಮನಿಸಿದಳು. ಗೋಡೆಯ ಗಡಿಯಾರವನ್ನು ಮೊಳೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಸ್ಟೂಲು ಎಳೆದು, ಕಂಬಳಿಯ ಪಟ್ಟಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ರೀ," ಎಂದಳು. "ಬಿಡಿ ನೀರಿಗೆ. ನಾನು ಹೇಳ್ತೀನಿ."

ಒಳಗೆ ನೀರು ಮೆಲ್ಲಗೆ ಅಲುಗಿದ ಸದ್ದಾಯಿತು.

ಅವಳು ಮುಳ್ಳನ್ನೇ ನೋಡುತ್ತಿದ್ದಳು. ಎಷ್ಟು ನಿಮಿಷಕ್ಕೆ ನಿಲ್ಲಿಸಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

"ಒಂದಾಯ್ತು ಕಣ್ರೀ," ಎಂದಳು.

"ಹ್ಞೂಂ," ಎಂದಿತು ಕತ್ತಲು.